ಮಾತಿಲ್ಲದ ಹ್ಯಾಮ್ಲೆಟ್: ಫೋರ್ಬ್ಸ್-ರಾಬರ್ಟ್‌ಸನ್ ಅಭಿನಯ ಮತ್ತು 1913ರ ಮೂಕಚಿತ್ರ

1

ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಆಧಾರಗಳದ್ದು. ನಾಟಕದ ಪಠ್ಯ ಉಳಿಯುತ್ತದೆ. ವೇಷಭೂಷಣಗಳ ಚಿತ್ರಗಳು, ಕಂಪನಿಯ ಲೆಕ್ಕಪತ್ರಗಳು, ಪತ್ರಿಕೆಗಳ ವಿಮರ್ಶೆಗಳು ಉಳಿಯುತ್ತವೆ. ಇವೆಲ್ಲಕ್ಕೂ ಕಾರಣವಾದ ಅಭಿನಯ ಮಾತ್ರ ಆಯಾ ಸಂಜೆಯೇ ಮುಗಿದುಹೋಗುತ್ತದೆ. ಆದ್ದರಿಂದ ಗತಕಾಲದ ನಟನ ಕುರಿತ ವಿಮರ್ಶೆಯೆಂದರೆ, ಬಹುಮಟ್ಟಿಗೆ, ನೋಡಿದವರ ಮಾತನ್ನು ನಂಬಿ ನೋಡದವರು ಬರೆಯುವ ವಿಮರ್ಶೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಚಲನಚಿತ್ರ ಬಂದಾಗ ಈ ತೊಡಕು ನೀಗಿತೆಂದು ಭಾವಿಸುವುದು ಸಹಜ. ಆದರೆ ಮುಂದಿನ ಮೂವತ್ತು ವರ್ಷಗಳ ಕಾಲ ಚಲನಚಿತ್ರ ಬಹುಮಟ್ಟಿಗೆ ಮೂಕವಾಗಿಯೇ ಇದ್ದಿತು. ಮಾತನ್ನೇ ಪ್ರಾಣವಾಗಿಸಿಕೊಂಡಿದ್ದ ನಟನೊಬ್ಬ ಆ ಮೂಕ ಮಾಧ್ಯಮದೆದುರು ನಿಂತಾಗ ಉಳಿದದ್ದೇನು, ಅಳಿದದ್ದೇನು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿದರ್ಶನವಾಗಿ ಆಯ್ದುಕೊಂಡಿರುವುದು ಇಂಗ್ಲಿಷ್ ನಟ ಸರ್ ಜಾನ್‌ಸ್ಟನ್ ಫೋರ್ಬ್ಸ್-ರಾಬರ್ಟ್‌ಸನ್ (1853–1937) ಹಾಗೂ ಆತ ಹ್ಯಾಮ್ಲೆಟನಾಗಿ ಅಭಿನಯಿಸಿದ 1913ರ ಚಿತ್ರ. ಈ ಚಿತ್ರವನ್ನು ಕುರಿತು ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳಿವೆ. ಚಲನಚಿತ್ರದ ಚರಿತ್ರಕಾರರು ಇದನ್ನು ಕ್ಯಾಮೆರಾದ ಮುಂದೆ ಆಡಿದ ನಾಟಕವೆಂದು ಬದಿಗೆ ಸರಿಸುತ್ತಾರೆ. ರಂಗಭೂಮಿಯ ಚರಿತ್ರಕಾರರು ಮಹಾನ್ ಅಭಿನಯವೊಂದರ ಅವಶೇಷವೆಂದು ಗೌರವದಿಂದ ನೋಡುತ್ತಾರೆ. ಈ ಎರಡು ನಿಲುವುಗಳಲ್ಲಿಯೂ ಚಿತ್ರದ ನಿಜವಾದ ಮಹತ್ತ್ವ ತಪ್ಪಿಹೋಗುತ್ತದೆ ಎಂಬುದು ಇಲ್ಲಿನ ವಾದ.

2

ಫೋರ್ಬ್ಸ್-ರಾಬರ್ಟ್‌ಸನ್ ಹುಟ್ಟಿದ್ದು ಲಂಡನ್ನಿನಲ್ಲಿ, 1853ರ ಜನವರಿ 16ರಂದು. ತಂದೆ ಕಲಾವಿಮರ್ಶಕ, ಹನ್ನೊಂದು ಮಕ್ಕಳಲ್ಲಿ ಈತನೇ ಹಿರಿಯ. ಈತ ಬಯಸಿದ್ದು ಚಿತ್ರಕಾರನಾಗುವುದನ್ನು. ಕಲಿತದ್ದು ರಾಯಲ್ ಅಕಾಡೆಮಿಯ ಚಿತ್ರಶಾಲೆಯಲ್ಲಿ. ತರುಣನಾಗಿದ್ದಾಗ ಕವಿ-ಚಿತ್ರಕಾರ ರೊಸೆಟ್ಟಿಗೆ ರೂಪದರ್ಶಿಯಾಗಿದ್ದ. ದಾಂತೆಯ ಕನಸನ್ನು ಚಿತ್ರಿಸುವ ರೊಸೆಟ್ಟಿಯ ಪ್ರಸಿದ್ಧ ಕೃತಿಯಲ್ಲಿ ಪ್ರೇಮದೇವತೆಗೆ ಈತನದೇ ಮುಖ. ದೊಡ್ಡ ಸಂಸಾರದ ಹೊರೆ ಮತ್ತು ಚಿತ್ರಕಲೆಯ ಅನಿಶ್ಚಿತ ಆದಾಯ ಈತನನ್ನು ರಂಗಭೂಮಿಗೆ ತಂದವು. 1874ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಕುರಿತ ನಾಟಕವೊಂದರಲ್ಲಿ ಶಾಸ್ತೆಲಾರ್ ಎಂಬ ಕವಿಯ ಪಾತ್ರದೊಂದಿಗೆ ಆರಂಭವಾದ ವೃತ್ತಿ ನಾಲ್ಕು ದಶಕಗಳಿಗೂ ಮಿಕ್ಕಿ ನಡೆಯಿತು. ಒಲಿಯದ ವೃತ್ತಿಯಲ್ಲಿ ಶ್ರೇಷ್ಠನಾದವನು ಈತ. ಅಭಿನಯದಲ್ಲಿ ತನಗೆ ಸುಖ ದೊರೆತದ್ದು ತೀರ ವಿರಳವೆಂದು 1925ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಾನೇ ಬರೆದುಕೊಂಡಿದ್ದಾನೆ.

ಈತನ ಕಲೆಯ ಸ್ವರೂಪವನ್ನು ತಿಳಿಯಲು ಎರಡು ಸಂಗತಿಗಳು ಮುಖ್ಯವಾಗುತ್ತವೆ. ಮೊದಲನೆಯದು ಗುರುಪರಂಪರೆ. ಈತನಿಗೆ ಪದ್ಯ ನುಡಿಯುವುದನ್ನು ಕಲಿಸಿದವನು ಸ್ಯಾಮ್ಯುಯೆಲ್ ಫೆಲ್ಪ್ಸ್. ಫೆಲ್ಪ್ಸ್ ಹಿಂದಿನ ಪೀಳಿಗೆಯ ಮಹಾನಟ ಮ್ಯಾಕ್ರೀಡಿಯ ಸಹನಟನಾಗಿದ್ದವನು. ಹೀಗೆ ಛಂದಸ್ಸಿನ ನಡೆಯನ್ನು ಕೆಡಿಸದೆ, ಅರ್ಥವನ್ನೂ ಬಿಡದೆ ನುಡಿಯುವ ಹಳೆಯ ಸಂಪ್ರದಾಯವೊಂದು ಬಾಯಿಂದ ಬಾಯಿಗೆ ಈತನವರೆಗೆ ಬಂದಿತು. ಎರಡನೆಯದು ಚಿತ್ರಕಾರನ ಕಣ್ಣು. 1882ರಲ್ಲಿ ಲೈಸಿಯಂ ರಂಗಮಂದಿರದಲ್ಲಿ ಹೆನ್ರಿ ಇರ್ವಿಂಗ್ ಆಡಿಸಿದ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಕ್ಲಾಡಿಯೋ ಪಾತ್ರ ವಹಿಸಿದ ಈತನೇ ಆ ನಾಟಕದ ಇಗರ್ಜಿಯ ದೃಶ್ಯವನ್ನು ವರ್ಣಚಿತ್ರವಾಗಿಯೂ ಬರೆದುಕೊಟ್ಟ. ದೃಶ್ಯದ ಒಳಗೆ ನಿಂತು ಅದೇ ದೃಶ್ಯವನ್ನು ಹೊರಗಿನಿಂದ ಕಾಣಬಲ್ಲ ಈ ಶಕ್ತಿ ನಟರಲ್ಲಿ ಅಪರೂಪವಾದುದು. ಮುಂದೆ ಚಲನಚಿತ್ರವನ್ನು ಚರ್ಚಿಸುವಾಗ ಈ ಅಂಶಕ್ಕೆ ಮರಳಬೇಕಾಗುತ್ತದೆ.

3

1897ರ ಸೆಪ್ಟೆಂಬರಿನಲ್ಲಿ, ಲೈಸಿಯಂನಲ್ಲಿಯೇ, ಫೋರ್ಬ್ಸ್-ರಾಬರ್ಟ್‌ಸನ್ ಮೊದಲ ಬಾರಿಗೆ ಹ್ಯಾಮ್ಲೆಟನಾದ. ಆಗ ಆತನ ವಯಸ್ಸು 44. ಈ ಪ್ರಯೋಗಕ್ಕೆ ಬಂದ ವಿಮರ್ಶೆಗಳಲ್ಲಿ ಬರ್ನಾರ್ಡ್ ಶಾ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಗೆ ಬರೆದ ವಿಮರ್ಶೆ ಪ್ರಸಿದ್ಧವಾದುದು. ಶಾ ಮೆಚ್ಚಿದ ಅಂಶಗಳು ಮೂರು. ಸಾಮಾನ್ಯವಾಗಿ ಕತ್ತರಿಸಿಹಾಕುತ್ತಿದ್ದ ಫೋರ್ಟಿನ್‌ಬ್ರಾಸನ ಪಾತ್ರವನ್ನು ನಾಟಕದ ಕೊನೆಗೆ ಮರಳಿ ತಂದದ್ದು ಒಂದು. ಹ್ಯಾಮ್ಲೆಟನನ್ನು ಉನ್ಮತ್ತನಾಗಿಸದೆ, ವಿಚಾರದಲ್ಲಿ ಆಸಕ್ತಿಯುಳ್ಳ, ಸಹಜ ಸೌಜನ್ಯದ ರಾಜಕುಮಾರನನ್ನಾಗಿ ಕಂಡದ್ದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ನಟ ಅರ್ಧ ಸಾಲು ನುಡಿದು, ನಿಂತು, ಅಭಿನಯಿಸಿ, ಆಮೇಲೆ ಉಳಿದರ್ಧವನ್ನು ನುಡಿಯುವವನಲ್ಲ; ಈತನ ಅಭಿನಯವೆಲ್ಲ ನುಡಿಯುವ ಸಾಲಿನಲ್ಲಿಯೇ ನಡೆಯುತ್ತದೆ ಎಂಬುದು ಶಾ ಗುರುತಿಸಿದ ಲಕ್ಷಣ.

ಈ ಮಾತಿನ ಹಿಂದೆ ಇರ್ವಿಂಗನ ಮೇಲಿನ ಆಕ್ಷೇಪವೂ ಅಡಗಿದೆ. ಇರ್ವಿಂಗನ ಶಕ್ತಿ ಮೌನಗಳಲ್ಲಿತ್ತು: ಮಾತಿನ ನಡುವಣ ನಿಲುಗಡೆ, ಕಣ್ಣಿನ ಚಲನೆ, ಕೈ ನಡುಗಿಸುವ ಪರಿ. ಸಾಲುಗಳ ನಡುವೆ ಅಭಿನಯಿಸುವುದು ಒಂದು ಮಾರ್ಗ, ಸಾಲಿನೊಳಗೆ ಅಭಿನಯಿಸುವುದು ಇನ್ನೊಂದು ಮಾರ್ಗ ಎಂಬ ಈ ವಿಂಗಡಣೆ ಆ ಕಾಲದ ಇಂಗ್ಲಿಷ್ ರಂಗಭೂಮಿಯ ಅಧ್ಯಯನಕ್ಕೆ ಬಹಳ ಉಪಯುಕ್ತವಾದುದು.

ಆದರೆ ಸಾಕ್ಷಿ ಹೇಳುತ್ತಿರುವವನು ಯಾರೆಂಬುದನ್ನು ಸಂಶೋಧಕನು ಮರೆಯುವಂತಿಲ್ಲ. ಶಾ ನಿಷ್ಪಕ್ಷಪಾತಿಯಾದ ಪ್ರೇಕ್ಷಕನಾಗಿರಲಿಲ್ಲ. ಇರ್ವಿಂಗನ ಲೈಸಿಯಂ ಪದ್ಧತಿಯ ವಿರುದ್ಧ ವರ್ಷಗಳಿಂದ ವಾಗ್ಯುದ್ಧ ನಡೆಸಿದ್ದವನು ಆತ; ಸ್ವತಃ ನಾಟಕಕಾರ. ಮರುವರ್ಷವೇ, ಅಂದರೆ 1898ರಲ್ಲಿ, ‘ಸೀಸರ್ ಅಂಡ್ ಕ್ಲಿಯೋಪಾತ್ರ’ ನಾಟಕವನ್ನು ಫೋರ್ಬ್ಸ್-ರಾಬರ್ಟ್‌ಸನ್‌ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ. ಈ ನಟ ಅದನ್ನು 1906ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ. ಹೀಗೆ ಒಬ್ಬ ನಟನನ್ನು ಹೊಗಳುವುದು ಇನ್ನೊಬ್ಬನನ್ನು ತೆಗಳುವುದಕ್ಕೂ, ತನ್ನ ನಾಟಕಗಳಿಗೆ ಬೇಕಾದ ಅಭಿನಯಶೈಲಿಯನ್ನು ಸಿದ್ಧಪಡಿಸುವುದಕ್ಕೂ ಶಾನಿಗೆ ಸಾಧನವಾಗಿದ್ದಿರಬಹುದು. ಅವನ ವಿಂಗಡಣೆ ನಿಜವಾದ ಲಕ್ಷಣವನ್ನು ಹೇಳುತ್ತದೆಯೋ, ವಾದದ ಅನುಕೂಲಕ್ಕಾಗಿ ಹುಟ್ಟಿದ್ದೋ? ವಿಮರ್ಶೆಗಳನ್ನೇ ಪರಸ್ಪರ ಹೋಲಿಸಿ ಇದನ್ನು ನಿರ್ಣಯಿಸುವುದು ಕಷ್ಟ. ಬೇರೆ ಜಾತಿಯ ಆಧಾರವೊಂದು ಬೇಕಾಗುತ್ತದೆ. ಅಂಥ ಆಧಾರ 1913ರ ಚಿತ್ರ.

4

1913 ಫೋರ್ಬ್ಸ್-ರಾಬರ್ಟ್‌ಸನ್ ವೃತ್ತಿಯ ಬೀಳ್ಕೊಡುಗೆಯ ವರ್ಷ. ಮಾರ್ಚಿನಿಂದ ಜೂನ್ 6ರವರೆಗೆ ಡ್ರೂರಿ ಲೇನ್ ರಂಗಮಂದಿರದಲ್ಲಿ ತನ್ನ ಪ್ರಮುಖ ನಾಟಕಗಳನ್ನೆಲ್ಲ ಆಡಿ ಲಂಡನ್ ರಂಗಭೂಮಿಯಿಂದ ನಿವೃತ್ತನಾದ. ನೈಟ್ ಪದವಿ ದೊರೆತದ್ದೂ ಆ ವರ್ಷವೇ. ಕೊನೆಯ ಪ್ರದರ್ಶನ ‘ಹ್ಯಾಮ್ಲೆಟ್’. ಇದರ ಬೆನ್ನಲ್ಲೇ ಗೋಮಾಂಟ್ ಕಂಪನಿಗಾಗಿ ಸೆಸಿಲ್ ಹೆಪ್‌ವರ್ತ್ ಈ ನಾಟಕವನ್ನು ಚಿತ್ರೀಕರಿಸಿದ. ನಿರ್ದೇಶನ ಹೇ ಪ್ಲಂಬ್‌ನದು. ವಾಲ್ಟನ್-ಆನ್-ಥೇಮ್ಸ್‌ನ ಸ್ಟುಡಿಯೋ ಅಲ್ಲದೆ ಡಾರ್ಸೆಟ್ ಕಡಲತೀರದ ಲಲ್‌ವರ್ತ್ ಕೋವ್‌ನಲ್ಲಿ ಎಲ್ಸಿನೋರ್ ಕೋಟೆಯ ಸೆಟ್ ಕಟ್ಟಿ ಹೊರಾಂಗಣ ದೃಶ್ಯಗಳನ್ನು ತೆಗೆದರು. ನಾಯಕನಿಗೆ ಅರವತ್ತು ವರ್ಷ. ಓಫೀಲಿಯಾ ಪಾತ್ರದಲ್ಲಿ ಪತ್ನಿ ಗರ್ಟ್ರೂಡ್ ಎಲಿಯಟ್. ಸೆಪ್ಟೆಂಬರಿನಲ್ಲಿ ತೆರೆಕಂಡ, ಸುಮಾರು ಒಂದು ಗಂಟೆಯ ಈ ಚಿತ್ರ ಇಂದಿಗೂ ಉಳಿದಿದೆ.

ಇದಕ್ಕೂ ಮೊದಲು ಶೇಕ್ಸ್‌ಪಿಯರ್ ಅಭಿನಯ ತೆರೆಗೆ ಬಾರದಿದ್ದುದಲ್ಲ. 1899ರಲ್ಲಿ ಬೀರ್ಬೋಮ್ ಟ್ರೀ ‘ಕಿಂಗ್ ಜಾನ್’ ನಾಟಕದ ಕೆಲವು ತುಣುಕುಗಳನ್ನು ಕ್ಯಾಮೆರಾಕ್ಕಾಗಿ ಆಡಿದ್ದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸಾರಾ ಬರ್ನಾರ್ಟ್ ಹ್ಯಾಮ್ಲೆಟನಾಗಿ ಕತ್ತಿವರಸೆ ಮಾಡಿದ ದೃಶ್ಯ ತೋರಿಸಲ್ಪಟ್ಟಿತು. 1911ರಲ್ಲಿ ಫ್ರಾಂಕ್ ಬೆನ್ಸನ್‌ನ ‘ಮೂರನೆಯ ರಿಚರ್ಡ್’ ಬಂದಿತು. ಆದರೆ ಬ್ರಿಟನ್ನಿನ ಪ್ರಮುಖ ನಟನೊಬ್ಬನ ಪ್ರಮುಖ ಪಾತ್ರ ಆದಿಯಿಂದ ಅಂತ್ಯದವರೆಗೆ ಇಷ್ಟು ವಿಸ್ತಾರವಾಗಿ ದಾಖಲಾದ ನಿದರ್ಶನಗಳು ಆ ಕಾಲಕ್ಕೆ ವಿರಳ.

ಚಿತ್ರವನ್ನು ನೋಡಿದಾಗ ಮೊದಲಿಗೆ ಕಾಣುವುದು ಕೊರತೆಗಳೇ. ಕ್ಯಾಮೆರಾ ಬಹುಪಾಲು ಒಂದೇ ಕಡೆ ನಿಂತಿರುತ್ತದೆ. ನಟರು ಅಡಿಯಿಂದ ಮುಡಿಯವರೆಗೆ ಕಾಣುವಷ್ಟು ದೂರದಲ್ಲಿರುತ್ತಾರೆ. ಪ್ರೇತದ ದೃಶ್ಯದಲ್ಲಿ ಬಿಂಬದ ಮೇಲೆ ಬಿಂಬವನ್ನು ಮೂಡಿಸುವ ತಂತ್ರವನ್ನು ಬಿಟ್ಟರೆ ಸಿನಿಮಾದ ವಿಶೇಷ ಸೌಲಭ್ಯಗಳ ಬಳಕೆ ಕಡಿಮೆ. ಇದಕ್ಕಿಂತ ವಿಚಿತ್ರವೆನಿಸುವುದು ಪಾತ್ರಗಳು ಸಾಲುಸಾಲಾಗಿ ಮಾತನಾಡುತ್ತಿರುವುದು. ಕೆಲವೇ ಮಾತುಗಳು ಬರಹವಾಗಿ ತೆರೆಯ ಮೇಲೆ ಬರುತ್ತವೆ; ಉಳಿದುವನ್ನು ನಾಟಕ ಬಲ್ಲವನು ತುಟಿಗಳ ಚಲನೆಯಿಂದ ಊಹಿಸಿಕೊಳ್ಳಬೇಕು. ಮೂಕಚಿತ್ರಕ್ಕೆ ತಕ್ಕ ಅಭಿನಯ ಇದಲ್ಲವೆಂಬ ಆಕ್ಷೇಪ ತಪ್ಪಲ್ಲ.

ಆದರೆ ಚಿತ್ರದ ಈ ದೋಷವೇ ಸಂಶೋಧಕನಿಗೆ ಆಧಾರವಾಗುತ್ತದೆ. ಸಾಲುಗಳ ನಡುವೆ ಅಭಿನಯಿಸುವ ನಟನಾಗಿದ್ದರೆ ಮೂಕಚಿತ್ರದಲ್ಲಿ ಅವನ ಕಲೆಯ ಬಹುಭಾಗ ಉಳಿಯಬೇಕಾಗಿತ್ತು. ಇಲ್ಲಿ ಹಾಗಾಗಿಲ್ಲ. ಸ್ವಗತಗಳಲ್ಲಿ ಈ ಹ್ಯಾಮ್ಲೆಟನ ಅಂಗಚಲನೆ ಮಿತವಾದುದು, ನಿಲುವು ಶಾಂತವಾದುದು. ತುಟಿಗಳು ಮಾತ್ರ ಬಿಡುವಿಲ್ಲದೆ ಚಲಿಸುತ್ತವೆ. ಮಾತನ್ನು ನಿಲ್ಲಿಸಿ ಮುಖದಲ್ಲಿ ಭಾವವನ್ನು ಮೂಡಿಸುವ ಪ್ರಯತ್ನವೇ ಇಲ್ಲವೆನ್ನಬಹುದು. ದನಿಯನ್ನು ಕಳೆದುಬಿಟ್ಟರೆ ಆ ಭಾಗಗಳು ಹೆಚ್ಚುಕಡಮೆ ಬರಿದಾಗುತ್ತವೆ. ಶಾ ಹೇಳಿದ ಲಕ್ಷಣ ಹದಿನಾರು ವರ್ಷಗಳ ನಂತರ, ಶಾನ ಪಕ್ಷಪಾತದ ಸೋಂಕಿಲ್ಲದ ಯಂತ್ರವೊಂದರ ಮೂಲಕ, ವ್ಯತಿರೇಕದಿಂದ ಸಿದ್ಧವಾಗುತ್ತದೆ. ಅಭಿನಯವನ್ನು ಉಳಿಸುವುದರಲ್ಲಿ ಸೋತಿರುವ ಚಿತ್ರ, ಅಭಿನಯ ಎಲ್ಲಿ ನೆಲೆಸಿತ್ತೆಂಬುದನ್ನು ತೋರಿಸುವುದರಲ್ಲಿ ಗೆದ್ದಿದೆ. ಇಲ್ಲಿ ಇತಿಹಾಸದ ವ್ಯಂಗ್ಯವೊಂದೂ ಇದೆ. ಮೌನದಲ್ಲಿ ನಟಿಸಬಲ್ಲವನಾಗಿದ್ದ ಇರ್ವಿಂಗ್ 1905ರಲ್ಲಿಯೇ ತೀರಿಕೊಂಡ. ಅವನ ಪಾತ್ರಗಳಾವುವೂ ಚಿತ್ರವಾಗಿ ನಮಗೆ ದೊರೆತಿಲ್ಲ. ಮೂಕಚಿತ್ರಕ್ಕೆ ದೊರೆತವನು ಮಾತಿನ ನಟ.

ಹೀಗೆಂದಮಾತ್ರಕ್ಕೆ ಚಿತ್ರದಲ್ಲಿ ಕೊರತೆಯ ದಾಖಲೆ ಮಾತ್ರ ಇದೆಯೆಂದಲ್ಲ. ಹ್ಯಾಮ್ಲೆಟ್ ಇತರರೊಡನೆ ಇರುವ ದೃಶ್ಯಗಳು ಬೇರೆಯೇ ಬಗೆಯವು. ಹೊರೇಷಿಯೋನೊಡನೆ, ನಟರ ತಂಡದೊಡನೆ, ಗೋರಿ ತೋಡುವವನೊಡನೆ ಇರುವಾಗ ಈತ ಕಿವಿಗೊಡುವ ರೀತಿ, ದೇಹವನ್ನು ಎದುರಿನವನ ಕಡೆಗೆ ತುಸುವೇ ಬಾಗಿಸುವ ರೀತಿ ಮಾತಿನ ನೆರವಿಲ್ಲದೆಯೇ ಅರ್ಥವಾಗುತ್ತವೆ. ವಿಮರ್ಶಕರು ಕೊಂಡಾಡಿದ ಸೌಜನ್ಯ ಇಲ್ಲಿ ಕಣ್ಣಿಗೆ ಕಾಣುತ್ತದೆ. ಎಲ್ಲಿ ನಿಂತರೆ ದೃಶ್ಯ ಸಮತೂಕ ಪಡೆಯುತ್ತದೆಂಬುದನ್ನು ಬಲ್ಲ ಚಿತ್ರಕಾರನ ಶಿಸ್ತು, ನಿಶ್ಚಲವಾದ ಕ್ಯಾಮೆರಾದ ಚೌಕಟ್ಟಿನೊಳಗೆ ಕೆಲಸ ಮಾಡುತ್ತದೆ. ನುಡಿಯ ಶಿಕ್ಷಣ ಫೆಲ್ಪ್ಸ್‌ನಿಂದ ಬಂದದ್ದು, ಅದನ್ನು ಚಿತ್ರ ಕಳೆದುಕೊಂಡಿತು. ನೋಟದ ಶಿಕ್ಷಣ ಚಿತ್ರಶಾಲೆಯಿಂದ ಬಂದದ್ದು, ಅದನ್ನು ಉಳಿಸಿಕೊಂಡಿತು.

5

ಬೀಳ್ಕೊಡುಗೆಯ ನಂತರ ಈ ನಟ ಅಮೆರಿಕದಲ್ಲಿ ಸುದೀರ್ಘ ಪ್ರವಾಸ ಮಾಡಿ 1916ರಲ್ಲಿ ರಂಗವನ್ನು ಬಿಟ್ಟ. ಜೆರೋಮ್ ಕೆ. ಜೆರೋಮ್‌ನ ‘ದಿ ಪಾಸಿಂಗ್ ಆಫ್ ದಿ ಥರ್ಡ್ ಫ್ಲೋರ್ ಬ್ಯಾಕ್’ 1908ರಿಂದ ಈತನಿಗೆ ಅಪಾರ ಜನಪ್ರಿಯತೆಯನ್ನು ತಂದ ನಾಟಕ; ಅದರ ಮೂಕಚಿತ್ರ ರೂಪದಲ್ಲಿಯೂ ಅಭಿನಯಿಸಿದ. ಇಳಿವಯಸ್ಸಿನಲ್ಲಿ ಶೇಕ್ಸ್‌ಪಿಯರನ ಕೆಲವು ಭಾಗಗಳನ್ನು ಗ್ರಾಮಫೋನ್ ಮುದ್ರಿಕೆಗಾಗಿ ನುಡಿದ. ಹೀಗೆ ದೇಹ ಒಂದು ಕಡೆ, ದನಿ ಇನ್ನೊಂದು ಕಡೆ ಉಳಿದುಕೊಂಡಿವೆ. ಇವೆರಡನ್ನೂ ಕೂಡಿಸಬಲ್ಲ ವಾಕ್ಚಿತ್ರ ಬ್ರಿಟನ್ನಿನಲ್ಲಿ ನೆಲೆಯೂರಿದಾಗ ಈತನ ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ಆದುದರಿಂದ ಫೋರ್ಬ್ಸ್-ರಾಬರ್ಟ್‌ಸನ್‌ನ ಹ್ಯಾಮ್ಲೆಟನನ್ನು ಅಭ್ಯಸಿಸುವವರು ವಿಮರ್ಶೆ, ಚಿತ್ರ, ಧ್ವನಿಮುದ್ರಿಕೆ ಎಂಬ ಮೂರು ಆಧಾರಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕಾಗುತ್ತದೆ. ಯಾವ ಒಂದನ್ನೂ ಮೂಲದ ಸ್ಥಾನದಲ್ಲಿ ನಿಲ್ಲಿಸುವಂತಿಲ್ಲ. 1897ರ ಮಾತು, 1913ರ ದೇಹ, ವೃದ್ಧಾಪ್ಯದ ದನಿ — ಇವು ಮೂರು ಬೇರೆ ಬೇರೆ ಕಾಲದವು.

ಕನ್ನಡ ರಂಗಭೂಮಿಯ ಅಧ್ಯಯನಕ್ಕೆ ಈ ವಿಧಾನದಿಂದ ಆಗುವ ಪ್ರಯೋಜನವನ್ನು ಸೂಚಿಸಿ ಮುಗಿಸಬಹುದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಕೊಲ್ಲಾಪುರದಲ್ಲಿ ತಯಾರಾಯಿತು. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾವ್ ಮೊದಲಾದವರು ರಂಗಭೂಮಿಯಿಂದಲೇ ಬಂದವರು. ಮೂಕಚಿತ್ರದ ನಂಟು ಇಲ್ಲಿಯೂ ಇದ್ದಿತಾದರೂ, ನಮ್ಮ ಕಂಪನಿ ನಾಟಕದ ನಟರು ತೆರೆಗೆ ಬಂದದ್ದು ಮುಖ್ಯವಾಗಿ ಮಾತು ಮತ್ತು ಹಾಡುಗಳೊಂದಿಗೆ. ಫೋರ್ಬ್ಸ್-ರಾಬರ್ಟ್‌ಸನ್ ಪಟ್ಟ ಪಾಡು ಅವರದಾಗಿರಲಿಲ್ಲ. ಆದರೆ ಅವರ ಚಿತ್ರಗಳ ಮೇಲೂ ನಾಟಕದ ನೆರಳೆಂಬ ಅದೇ ಆಕ್ಷೇಪ ಕೇಳಿಬರುತ್ತದೆ. ಆ ನೆರಳನ್ನು ಸಿನಿಮಾ ಕಲೆಯ ದೋಷವೆಂದು ಮಾತ್ರ ಎಣಿಸದೆ, ಕಂಪನಿ ನಾಟಕದ ನುಡಿಗಾರಿಕೆ, ನಿಲುವು, ಗಾಯನಪದ್ಧತಿಗಳ ಆಧಾರವೆಂದು ಓದಿದರೆ, ಉಳಿದಿರುವ ಚಿತ್ರಗಳಿಂದ ಕಂಪನಿ ರಂಗಭೂಮಿಯನ್ನು ಕುರಿತು ತಿಳಿಯಬೇಕಾದುದು ಇನ್ನೂ ಬಹಳವಿದೆ.