ಹೊಡೆದಾಟದ ಆಟ, ತಾಳ್ಮೆಯ ತಾಲೀಮು

ವಿಡಿಯೋ ಗೇಮ್‌ಗಳ ಕುರಿತು ನಮ್ಮಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಎರಡು ಬಗೆಯವು. ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಹಿರಿಯರ ಆತಂಕ ಒಂದು ಬಗೆ. ಯಾವನೋ ಹುಡುಗ ಆಟವಾಡಿಯೇ ಲಕ್ಷಗಟ್ಟಲೆ ಗಳಿಸಿದನಂತೆ ಎಂಬ ಬೆರಗು ಇನ್ನೊಂದು ಬಗೆ. ಆತಂಕಪಡುವವರು ಪರದೆಯ ಮೇಲಿನ ಚಿತ್ರವನ್ನಷ್ಟೇ ನೋಡುತ್ತಾರೆ, ಬೆರಗಾಗುವವರು ಬಹುಮಾನದ ಮೊತ್ತವನ್ನಷ್ಟೇ ನೋಡುತ್ತಾರೆ. ಆಟವನ್ನು ಇಬ್ಬರೂ ನೋಡುವುದಿಲ್ಲ. ಕಾಫಿಯಾ, ರದೀಫ್‌ಗಳ ಗಂಧವಿಲ್ಲದವರು ಗಜಲನ್ನು ಕುಡುಕರ ಹಾಡು ಎಂದು ತಳ್ಳಿಹಾಕಿದರೆ ನಾವು ಒಪ್ಪುವುದಿಲ್ಲ. ಹಾಗಿರುವಾಗ ನಮ್ಮ ಮನೆಯ ಹುಡುಗರು ದಿನಕ್ಕೆ ಗಂಟೆಗಟ್ಟಲೆ ಮುಳುಗಿರುವ ಒಂದು ಕಲೆಯ ವಿಷಯದಲ್ಲಿ ಮಾತ್ರ ವ್ಯಾಕರಣ ತಿಳಿಯದೆ ತೀರ್ಪು ಕೊಡುವ ಹಕ್ಕು ನಮಗೆಲ್ಲಿಂದ ಬಂತು?

ನಾವಿಲ್ಲಿ ಚರ್ಚಿಸಲು ಹೊರಟಿರುವುದು ಇಬ್ಬರು ಎದುರುಬದುರು ನಿಂತು ಕಾದಾಡುವ ‘ಸ್ಟ್ರೀಟ್ ಫೈಟರ್’, ‘ಟೆಕ್ಕೆನ್’ ಮುಂತಾದ ಆಟಗಳ ಬಗ್ಗೆ. ಅದರಲ್ಲೂ ಹೊಸಬನೊಬ್ಬ ಅವುಗಳ ಮೊದಲ ಪಾಠಗಳನ್ನು ಕಲಿಯುವ ಬಗೆಯ ಕುರಿತು. ‘ತಾಲೀಮು’ ಎಂಬ ಶಬ್ದವನ್ನು ಉರ್ದುವಿನವರೂ ಕನ್ನಡದವರೂ ಬಳಸುತ್ತಾರೆ. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಪುಸ್ತಕ, ಮದ್ರಸ, ಶಾಲೆಗಳ ಸಂಗತಿ. ಕನ್ನಡಕ್ಕೆ ಬಂದ ಮೇಲೆ ಅದೇ ಶಬ್ದ ಗರಡಿಮನೆಗೂ ನಾಟಕ ಕಂಪನಿಗೂ ಹೋಗಿ, ಮೈಗೆ ಕಲಿಸುವ ಅಭ್ಯಾಸ ಎಂಬ ಅರ್ಥ ಪಡೆಯಿತು. ಈ ಆಟಗಳ ಕಲಿಕೆಗೆ ಎರಡೂ ಅರ್ಥಗಳು ಬೇಕು. ಬೆರಳು ಕಲಿಯಬೇಕು, ತಲೆಯೂ ಕಲಿಯಬೇಕು.

ಜಪಾನಿನ ಕ್ಯಾಪ್‌ಕಾಂ ಕಂಪನಿ ‘ಸ್ಟ್ರೀಟ್ ಫೈಟರ್’ ಆಟವನ್ನು 1987ರಲ್ಲಿ ತಂದರೂ ಈ ಪ್ರಕಾರಕ್ಕೆ ನಿಜವಾದ ರೂಪ ಕೊಟ್ಟದ್ದು 1991ರ ‘ಸ್ಟ್ರೀಟ್ ಫೈಟರ್ 2’. ಎಂಟು ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು, ಒಂದು ಜಾಯ್‌ಸ್ಟಿಕ್ ಮತ್ತು ಆರು ಬಟನ್‌ಗಳಿಂದ (ಮೂರು ಗುದ್ದಿಗೆ, ಮೂರು ಒದೆತಕ್ಕೆ) ಪಕ್ಕದಲ್ಲೇ ನಿಂತ ಇನ್ನೊಬ್ಬ ಮನುಷ್ಯನೊಡನೆ ಆಡುವ ಆಟವದು. ಮುಂದಿನ ವರ್ಷ ಬಂದ ‘ಮಾರ್ಟಲ್ ಕಾಂಬ್ಯಾಟ್’ ರಕ್ತವನ್ನು ಚೆಲ್ಲಾಡಿತು. 1993ರಲ್ಲಿ ಅಮೆರಿಕದ ಸೆನೆಟ್ ಅದರ ಬಗ್ಗೆ ವಿಚಾರಣೆ ನಡೆಸಿ, ಆಟಗಳಿಗೆ ವಯೋಮಿತಿಯ ಗುರುತು ಹಚ್ಚುವ ವ್ಯವಸ್ಥೆ 1994ರಲ್ಲಿ ಬಂತು. ನಮ್ಮ ಹಿರಿಯರ ಆತಂಕ ಹೊಸದೇನಲ್ಲ ಎನ್ನುವುದಕ್ಕೆ ಇದನ್ನು ನೆನೆಯಬೇಕು. ಅದೇ 1994ರಲ್ಲಿ ನಾಮ್ಕೋ ಕಂಪನಿಯ ‘ಟೆಕ್ಕೆನ್’ ಬಂತು. ಅದರಲ್ಲಿ ನಾಲ್ಕೇ ಬಟನ್. ಎಡಗೈ, ಬಲಗೈ, ಎಡಗಾಲು, ಬಲಗಾಲಿಗೆ ಒಂದೊಂದು.

ಹೊಸಬ ಮೊದಲ ದಿನ ಮಾಡುವ ಕೆಲಸವೆಂದರೆ ಎಲ್ಲ ಬಟನ್‌ಗಳನ್ನೂ ಬಡಿಯುವುದು. ತನ್ನಂಥ ಇನ್ನೊಬ್ಬ ಹೊಸಬನೆದುರು ಅದು ನಡೆಯುತ್ತದೆ. ಆಟ ಬಲ್ಲವನೆದುರು ನಡೆಯುವುದಿಲ್ಲ. ಸ್ಟ್ರೀಟ್ ಫೈಟರ್‌ನ ರಿಯೂ ಎಂಬ ಪಾತ್ರದ ಹಳೆಯ ಬಲೆಯನ್ನೇ ನೋಡಿ. ಆತ ದೂರದಿಂದ ‘ಹಡೋಕೆನ್’ ಎಂಬ ಬೆಳಕಿನ ಚೆಂಡನ್ನು ಎಸೆಯುತ್ತಾನೆ. ಹೊಸಬ ತಡೆಯುತ್ತಾನೆ. ಮತ್ತೊಂದು ಬರುತ್ತದೆ, ಮತ್ತೆ ತಡೆಯುತ್ತಾನೆ. ಮೂರನೆಯದಕ್ಕೆ ಬೇಸತ್ತು ಅದರ ಮೇಲಿಂದ ಎದುರಾಳಿಯತ್ತ ಹಾರುತ್ತಾನೆ. ರಿಯೂ ಕಾಯುತ್ತಿದ್ದದ್ದು ಇದಕ್ಕೇ. ಹಾರಿದವನು ಗಾಳಿಯಲ್ಲಿ ದಿಕ್ಕು ಬದಲಿಸಲಾರ, ತಡೆಯಲಾರ. ಕೆಳಗಿನಿಂದ ಮೇಲೇಳುವ ‘ಶೋರಿಯೂಕೆನ್’ ಗುದ್ದು ಅವನನ್ನು ಕೆಡವುತ್ತದೆ. ಇಲ್ಲಿ ಹೊಸಬನನ್ನು ಸೋಲಿಸಿದ್ದು ಅವನ ಅಸಹನೆ. ಬೆಳಕಿನ ಚೆಂಡು ಆ ಅಸಹನೆಯನ್ನು ಹೊರಗೆಳೆಯುವ ಉಪಾಯ ಮಾತ್ರ.

ಆದರೆ ಶೋರಿಯೂಕೆನ್‌ಗೂ ಬೆಲೆಯಿದೆ. ಹೊಡೆತ ತಾಗದಿದ್ದರೆ, ಅಥವಾ ಎದುರಾಳಿ ಅದನ್ನು ತಡೆದುಬಿಟ್ಟರೆ, ಹೊಡೆದವನು ಗಾಳಿಯಿಂದ ನಿಧಾನವಾಗಿ ಕೆಳಗಿಳಿಯುತ್ತಾನೆ. ಆಗ ಅವನಿಗೆ ರಕ್ಷಣೆಯೇ ಇಲ್ಲ. ದೊಡ್ಡ ಹೊಡೆತಕ್ಕೆ ದೊಡ್ಡ ದಂಡ ಎಂಬ ನ್ಯಾಯ ಈ ಆಟಗಳ ತಳಹದಿ. ಪರದೆಯ ಮೇಲೆ ಪ್ರತಿ ಸೆಕೆಂಡಿಗೆ 60 ಚಿತ್ರಗಳು ಹಾದುಹೋಗುತ್ತವೆ, ಒಂದೊಂದನ್ನು ಫ್ರೇಮ್ ಎನ್ನುತ್ತಾರೆ. ಪ್ರತಿ ಹೊಡೆತಕ್ಕೂ ಏಳುವ, ತಾಗುವ ಮತ್ತು ಹಿಂತೆಗೆಯುವ ಕಾಲವನ್ನು ಈ ಫ್ರೇಮ್‌ಗಳಲ್ಲಿ ಎಣಿಸಿದ್ದಾರೆ. ಟೆಕ್ಕೆನ್‌ನ ಅತಿ ಚುರುಕಾದ ಸಾಧಾರಣ ಗುದ್ದು 10 ಫ್ರೇಮ್‌ಗಳದ್ದು, ಎಂದರೆ ಸೆಕೆಂಡಿನ ಆರನೇ ಒಂದು ಭಾಗ. ಮನುಷ್ಯ ಕಂಡದ್ದಕ್ಕೆ ಕೈ ಆಡಿಸಲು ಸುಮಾರು ಕಾಲು ಸೆಕೆಂಡು ಬೇಕು. ಹಾಗಾದರೆ ಆ ಗುದ್ದನ್ನು ಕಂಡು ತಡೆಯಲು ಸಾಧ್ಯವೇ ಇಲ್ಲ. ಬರುವುದಕ್ಕೆ ಮುಂಚೆಯೇ ಊಹಿಸಿರಬೇಕು. ಎದುರಿಗಿರುವವನ ಮನಸ್ಸನ್ನು ಓದುವುದು ಇಲ್ಲಿಂದ ಶುರುವಾಗುತ್ತದೆ.

ಹೀಗಾಗಿ ಬಲ್ಲವರು ಹೊಸಬನಿಗೆ ಮೊದಲು ಕಲಿಸುವುದು ತಡೆಯುವುದನ್ನು. ಸ್ಟ್ರೀಟ್ ಫೈಟರ್‌ನಲ್ಲಿ ಜಾಯ್‌ಸ್ಟಿಕ್ಕನ್ನು ಎದುರಾಳಿಯಿಂದ ಹಿಂದಕ್ಕೆ ಎಳೆದು ಹಿಡಿದರೆ ತಡೆ. ಕಾಲಿಗೆ ಬೀಳುವ ಏಟನ್ನು ಕುಳಿತು ತಡೆಯಬೇಕು, ಮೇಲಿನಿಂದ ಹಾರಿ ಬರುವ ಏಟನ್ನು ನಿಂತು ತಡೆಯಬೇಕು. ತಡೆದ ಮೇಲೆ, ಎದುರಾಳಿಯ ಕೈ ಹಿಂದಕ್ಕೆ ಹೋಗುವ ಆ ಗಳಿಗೆಯಲ್ಲಿ, ತನ್ನ ಒಂದು ಸಣ್ಣ ಏಟು. ಇಷ್ಟು ಕಲಿಯುವುದರಲ್ಲೇ ವಾರಗಳು ಕಳೆಯುತ್ತವೆ.

ಬರೀ ತಡೆದುಕೊಂಡೇ ಕೂತರೆ? ಈ ಪ್ರಶ್ನೆ ವಿಡಿಯೋ ಗೇಮ್‌ಗಿಂತ ಹಳೆಯದು. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನ ಪೋಲೆಂಡಿನ ಝ್ಬಿಸ್ಕೋನನ್ನು ಎದುರಿಸಿದಾಗ, ಆ ದೈತ್ಯ ನೆಲಕ್ಕೆ ಅಂಟಿಕೊಂಡು ಎರಡು ಗಂಟೆಗೂ ಮೀರಿ ಬರಿದೇ ರಕ್ಷಣೆಯಲ್ಲಿ ಕಳೆದ. ಪಂದ್ಯ ತೀರ್ಮಾನವಿಲ್ಲದೆ ಮುಗಿಯಿತು. ಮುಂದೆ 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅದೇ ಝ್ಬಿಸ್ಕೋನನ್ನು ಒಂದು ನಿಮಿಷವೂ ಆಗುವ ಮುನ್ನ ಚಿತ್ ಮಾಡಿದ್ದು ಬೇರೆ ಮಾತು. ಲಂಡನ್ನಿನ ಆ ಕುಸ್ತಿಯ ತೊಡಕಿಗೆ ಈ ಆಟಗಳನ್ನು ಕಟ್ಟಿದವರು ಒಂದು ಪರಿಹಾರ ಇಟ್ಟರು: ಹತ್ತಿರ ಬಂದು ಹಿಡಿದು ಎಸೆದರೆ ತಡೆ ನಿಲ್ಲುವುದಿಲ್ಲ. ಏಟು ಎಸೆತವನ್ನು ಮುರಿಯುತ್ತದೆ, ಎಸೆತ ತಡೆಯನ್ನು ಮುರಿಯುತ್ತದೆ, ತಡೆ ಏಟನ್ನು ಮುರಿಯುತ್ತದೆ. ಮೂರರಲ್ಲಿ ಯಾವುದಕ್ಕೂ ಕೊನೆಯ ಮಾತಿಲ್ಲ.

ಹೊಸಬರು ಎಲ್ಲಕ್ಕಿಂತ ಹೆಚ್ಚು ಸಿಟ್ಟಾಗುವುದು ಈ ಎಸೆತದ ಮೇಲೆ. “ನಾನು ನಿಯತ್ತಾಗಿ ತಡೆಯುತ್ತಿದ್ದೆ, ಅವನು ಹಿಡಿದೆಸೆದ, ಇದು ಮೋಸ” ಎಂಬುದು ಅವರ ದೂರು. ಅಮೆರಿಕದ ಆಟಗಾರ ಹಾಗೂ ಆಟಗಳ ರಚನಾಕಾರ ಡೇವಿಡ್ ಸರ್ಲಿನ್ 2006ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ದೂರಿನ ಹಿಂದಿನ ಮನಸ್ಥಿತಿಯನ್ನು ಬಿಡಿಸಿಟ್ಟಿದ್ದಾನೆ. ಆಟದಲ್ಲಿಲ್ಲದ ನಿಯಮಗಳನ್ನು ತಾನೇ ಮಾಡಿಕೊಂಡು, ಎದುರಾಳಿ ಅವುಗಳಿಗೆ ಬದ್ಧನಾಗಿಲ್ಲ ಎಂದು ದೂರುವವನು ಎಂದೂ ಕಲಿಯುವುದಿಲ್ಲ ಎಂಬುದು ಅವನ ವಾದದ ತಿರುಳು. ಆಟದ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಬದುಕಿಗೆ ಹಾಗೇ ತಂದರೆ ಅಪಾಯ. ಕಾನೂನಿನಲ್ಲಿ ತಡೆಯಿಲ್ಲದ್ದೆಲ್ಲವೂ ಸರಿ ಎನ್ನುವ ವ್ಯಾಪಾರಿಯ ನೀತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ತಡೆಯ ನಂತರದ ಪಾಠ ಅಂತರದ್ದು. ನುರಿತ ಇಬ್ಬರ ಆಟವನ್ನು ನೋಡಿದರೆ ಬಹುಪಾಲು ಸಮಯ ಅವರು ಹೊಡೆಯುವುದೇ ಇಲ್ಲ; ಎದುರಾಳಿಯ ಕಾಲಿಗೆ ಎಟುಕುವ ಗೆರೆಯ ಆಚೀಚೆ ಹೆಜ್ಜೆ ಹಾಕುತ್ತಿರುತ್ತಾರೆ. ಅವನ ಏಟು ಗಾಳಿಯಲ್ಲಿ ಹೋಗುವಂತೆ ಒಂದು ಹೆಜ್ಜೆ ಹಿಂದೆ, ಅದು ಹೋದ ಕೂಡಲೇ ಒಂದು ಹೆಜ್ಜೆ ಮುಂದೆ. ಟೆಕ್ಕೆನ್‌ನಲ್ಲಿ ಹಿಂದಕ್ಕೆ ಸರಿಯುವ ಒಂದು ಕಠಿಣ ವರಸೆಗೆ ‘ಕೊರಿಯನ್ ಬ್ಯಾಕ್‌ಡ್ಯಾಶ್’ ಎಂದೇ ಹೆಸರು. ಹಿಂದೆ ಸರಿಯುವುದರಲ್ಲಿ ಪಳಗಿದ್ದಕ್ಕಾಗಿ ಒಂದು ನಾಡಿನ ಹೆಸರು ಉಳಿದಿದೆ ಎಂಬುದನ್ನು ಗಮನಿಸಬೇಕು.

ಇನ್ನು ಹೊಸಬರನ್ನು ಮರುಳು ಮಾಡುವ ‘ಕಾಂಬೊ’, ಎಂದರೆ ಒಂದರ ಹಿಂದೊಂದು ಬೀಳುವ ಏಟುಗಳ ಸರಣಿ. ಇದು ಹುಟ್ಟಿದ್ದೇ ಆಕಸ್ಮಿಕವಾಗಿ. ಸ್ಟ್ರೀಟ್ ಫೈಟರ್ 2 ತಯಾರಾಗುತ್ತಿದ್ದಾಗ ಒಂದು ಏಟಿನ ಬೆನ್ನಿಗೇ ಇನ್ನೊಂದನ್ನು ಸೇರಿಸಲು ಆಗುತ್ತದೆಂಬುದು ತಯಾರಕರಿಗೆ ಕಂಡಿತು. ಇಷ್ಟು ಕಷ್ಟದ್ದನ್ನು ಯಾರು ಬಳಸುತ್ತಾರೆ ಎಂದು ಹಾಗೇ ಬಿಟ್ಟರು. ಆಡುವವರು ಅದನ್ನೇ ಕಲೆಯಾಗಿಸಿದರು. ಆದರೂ ಕ್ರಮದಲ್ಲಿ ಅದು ಕೊನೆಯದು. ಮೊದಲ ಏಟು ತಾಗಿಸಲು ಬಾರದವನಿಗೆ ಹತ್ತು ಏಟಿನ ಸರಣಿ ಬಾಯಿಪಾಠವಿದ್ದೇನು ಫಲ? ಶೇರ್‌ಗಳನ್ನು ರಾಶಿಗಟ್ಟಲೆ ಕಂಠಪಾಠ ಮಾಡಿ, ಮುಶಾಯಿರಾದಲ್ಲಿ ಸ್ವಂತದ ಒಂದು ಸಾಲು ಹೊಳೆಯದೆ ಕೂತವರನ್ನು ನಾವು ಕಂಡಿದ್ದೇವೆ.

ಈ ಎಲ್ಲ ಪಾಠಗಳ ಶುಲ್ಕ ಸೋಲು. ಹೊಸಬ ಮೊದಲ ತಿಂಗಳಲ್ಲಿ ನೂರಾರು ಸಲ ಸೋಲುತ್ತಾನೆ. ಸಾಮೂಹಿಕ ಆಟಗಳಲ್ಲಿ ಜೊತೆಗಾರನನ್ನು ದೂರಬಹುದು, ಇಸ್ಪೀಟಿನಲ್ಲಿ ಎಲೆಯನ್ನು ದೂರಬಹುದು. ಇಲ್ಲಿ ಯಾರೂ ಇಲ್ಲ. ಸಿಟ್ಟು ಬಂದವನು ಬೇಗ ಹಾರುತ್ತಾನೆ, ಬೇಗ ಹೊಡೆಯುತ್ತಾನೆ, ಇನ್ನೂ ಬೇಗ ಸೋಲುತ್ತಾನೆ. ಬಲಶಾಲಿಯ ಲಕ್ಷಣವನ್ನು ಪ್ರವಾದಿ(ಸ)ಯವರು ಕುಸ್ತಿಯಲ್ಲಿ ಕೆಡವುವ ಬಲದಲ್ಲಿ ಕಾಣದೆ ಕೋಪವನ್ನು ಹಿಡಿದುಕೊಳ್ಳುವ ಬಲದಲ್ಲಿ ಕಂಡದ್ದು ನಮ್ಮ ಓದುಗರಿಗೆ ತಿಳಿದದ್ದೇ. ಸಬ್ರ್ ಎಂದರೆ ಏಟು ತಿಂದು ಸುಮ್ಮನಿರುವುದು ಎಂದು ತಿಳಿದವರು ಬಹಳ ಮಂದಿ. ಕಣ್ಣು ತೆರೆದುಕೊಂಡು ಕಾಯುವುದೂ ಸಬ್ರ್ ಎಂಬುದಕ್ಕೆ ಈ ಆಟ ಒಂದು ಸಣ್ಣ ದೃಷ್ಟಾಂತ.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಇವೋ’ ಪಂದ್ಯಾವಳಿಯ ಒಂದು ಗಳಿಗೆ ಇದಕ್ಕೆ ಸಾಕ್ಷಿ. ‘ಸ್ಟ್ರೀಟ್ ಫೈಟರ್ 3’ರ ಆಟ. ಜಪಾನಿನ ದೈಗೊ ಉಮೆಹರನ ಪಾತ್ರಕ್ಕೆ ಉಳಿದಿದ್ದ ಜೀವ ಕೂದಲೆಳೆಯಷ್ಟು. ಅಮೆರಿಕದ ಜಸ್ಟಿನ್ ವಾಂಗ್ 15 ಒದೆತಗಳ ಮಹಾವರಸೆಯೊಂದನ್ನು ಬಿಟ್ಟ. ಸಾಧಾರಣವಾಗಿ ತಡೆದರೂ ಪ್ರತಿ ಒದೆತಕ್ಕೆ ಒಂದಿಷ್ಟು ಜೀವ ಸವೆಯುತ್ತದೆ, ದೈಗೊ ಸಾಯುತ್ತಾನೆ. ಆ ಆಟದಲ್ಲಿ ಇನ್ನೊಂದು ಬಗೆಯ ತಡೆಯಿತ್ತು: ಏಟು ತಾಗುವ ಗಳಿಗೆಗೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಎದುರಾಳಿಯತ್ತಲೇ ದೂಡಬೇಕು. ತಪ್ಪಿದರೆ ಮುಗಿಯಿತು. ದೈಗೊ 15ಕ್ಕೆ 15ನ್ನೂ ಹಾಗೆ ತಡೆದು, ಮರುಏಟಿನಲ್ಲಿ ಗೆದ್ದ. ನೆರೆದವರು ಕುಣಿದಾಡಿದರು. ಆ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ದೈಗೊ ಸೋತನೆಂಬುದು ಹಲವರಿಗೆ ನೆನಪಿಲ್ಲ. ಈ ಕಲೆಯ ಅತ್ಯಂತ ಪ್ರಸಿದ್ಧ ಗಳಿಗೆ ಒಂದು ರಕ್ಷಣೆ. ಹಿಂಸೆಯ ಆಟ ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಇದನ್ನು ಹೇಗೆ ವಿವರಿಸುತ್ತಾರೆ?

ಕಲಿಕೆಗೆ ಯಂತ್ರಕ್ಕಿಂತ ಸಂಗ ಮುಖ್ಯ ಎನ್ನುವುದಕ್ಕೆ ಲಾಹೋರಿನ ಉದಾಹರಣೆಯಿದೆ. ದಶಕಗಳ ಕಾಲ ಟೆಕ್ಕೆನ್ ಎಂದರೆ ಕೊರಿಯಾ ಮತ್ತು ಜಪಾನ್ ಎಂದಾಗಿತ್ತು. 2019ರ ಫೆಬ್ರವರಿಯಲ್ಲಿ ಲಾಹೋರಿನ ಅರ್ಸಲಾನ್ ಸಿದ್ದೀಕ್ ಎಂಬ ಹೆಸರೇ ಕೇಳಿರದ ಯುವಕ ವೀಸಾ, ವಿಮಾನಗಳ ತೊಡಕು ದಾಟಿ ಜಪಾನಿನ ಫುಕುವೋಕಾ ತಲುಪಿ ‘ಇವೋ ಜಪಾನ್’ ಗೆದ್ದ. ಅದೇ ಆಗಸ್ಟಿನಲ್ಲಿ ಲಾಸ್ ವೇಗಾಸ್‌ನಲ್ಲಿ, ‘ನೀ’ ಎಂಬ ಹೆಸರಿನಿಂದ ಆಡುವ ಕೊರಿಯಾದ ದಿಗ್ಗಜನನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದ. ಗೆದ್ದ ಮೇಲೆ ಅವನು ಹೇಳಿದ್ದರ ಸಾರ, ನಮ್ಮೂರಿನಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂಬುದು. ಕೊರಿಯಾದ ಆ ದಿಗ್ಗಜನೇ ಪಾಕಿಸ್ತಾನಕ್ಕೆ ಹೋಗಿ ಅವರೊಡನೆ ಆಡಿ ನೋಡಿದ. ಮಾತು ಸುಳ್ಳಾಗಿರಲಿಲ್ಲ. 2022ರ ಟೆಕ್ಕೆನ್ ವರ್ಲ್ಡ್ ಟೂರ್‌ನ ಕಿರೀಟ ಇನ್ನೊಬ್ಬ ಪಾಕಿಸ್ತಾನಿ ಆತಿಫ್ ಬಟ್‌ಗೆ ಬಂತು. ಅರ್ಸಲಾನ್ 2023 ಮತ್ತು 2024ರಲ್ಲಿ ಲಾಸ್ ವೇಗಾಸ್‌ನಲ್ಲಿ ಮತ್ತೆ ಗೆದ್ದ.

ಇವರು ಬೆಳೆದದ್ದು ಗಲ್ಲಿಯ ವಿಡಿಯೋ ಗೇಮ್ ಅಂಗಡಿಗಳಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತು. ಗಾಮಾ ತನ್ನ ಕೊನೆಯ ವರ್ಷಗಳನ್ನು ಕಳೆದ ಊರು ಅದು. ಅಖಾಡದ ಉಸ್ತಾದ್–ಶಾಗಿರ್ದ್ ಪದ್ಧತಿಯ ನೆನಪು ಆ ಅಂಗಡಿಗಳಲ್ಲಿ ಯಾವುದೋ ರೂಪದಲ್ಲಿ ಉಳಿದಿತ್ತೆಂದು ನಮಗೆ ಅನ್ನಿಸುತ್ತದೆ. ಸೋತವನು ಎದ್ದು ಹಿಂದೆ ನಿಲ್ಲುತ್ತಾನೆ, ಗೆದ್ದವನ ಬೆರಳುಗಳನ್ನು ನೋಡುತ್ತಾನೆ, ಕೇಳುತ್ತಾನೆ. ಒಂಟಿ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತ ನಮ್ಮ ಹುಡುಗನಿಗೆ ಇಲ್ಲದಿರುವುದು ಇದೇ.

ಹಾಗೆಂದು ಈ ಆಟಗಳನ್ನು ಹಾಡಿ ಹೊಗಳಲು ನಾವು ಸಿದ್ಧರಿಲ್ಲ. ಸ್ಟ್ರೀಟ್ ಫೈಟರ್ 2ರ ಭಾರತೀಯನೆಂದರೆ ಕೊರಳಲ್ಲಿ ತಲೆಬುರುಡೆ ಕಟ್ಟಿಕೊಂಡು ಬೆಂಕಿಯುಗುಳುವ ಯೋಗಿ ಧಾಲ್ಸಿಮ್. ನಾಡುಗಳನ್ನು ವೇಷಗಳಿಗೆ ಇಳಿಸುವ ಈ ಚಾಳಿ ಬಹುಕಾಲ ನಡೆಯಿತು. ‘ಟೆಕ್ಕೆನ್ 7’ರಲ್ಲಿ ಶಾಹೀನ್ ಎಂಬ ಸೌದಿ ಪಾತ್ರವನ್ನು ರೂಪಿಸುವಾಗ ಅರಬ್ ಆಟಗಾರರ ಅಭಿಪ್ರಾಯ ಕೇಳಿದ್ದು ಸ್ವಾಗತಾರ್ಹ ಬದಲಾವಣೆ. ಹೆಣ್ಣು ಪಾತ್ರಗಳ ಉಡುಪನ್ನು ನೋಡಿದರೆ ಅಂಥ ವಿವೇಕ ಅಲ್ಲಿಗಿನ್ನೂ ತಲುಪಿದಂತಿಲ್ಲ. ಗಲ್ಲಿಯ ಅಂಗಡಿಗಳೂ ಗಂಡುಹುಡುಗರ ತಾಣಗಳೇ. ಹೆಣ್ಣುಮಕ್ಕಳಿಗೆ ಆ ಸಂಗದ ಬಾಗಿಲು ತೆರೆದದ್ದು ಅಪರೂಪ. ಆಟ ಕೊಂಡ ಮೇಲೂ ಹೊಸ ಪಾತ್ರಗಳಿಗೆ ಬೇರೆ ಹಣ ಕೇಳುವ ವ್ಯಾಪಾರ ಈಗ ರೂಢಿ. ಆಟದೊಳಗಿನ ತಾಳ್ಮೆ ತಾನಾಗಿ ಮನೆಯ ಊಟದ ತಟ್ಟೆಯ ಮುಂದೆ ಬರುತ್ತದೆಂದೂ ನಾವು ಹೇಳುವುದಿಲ್ಲ. ಕುರ್‌ಆನ್ ಕಂಠಪಾಠ ಮಾಡಿದವರೆಲ್ಲ ಸಜ್ಜನರಾಗುವುದಿಲ್ಲ, ಕುಸ್ತಿ ಕಲಿತವರೆಲ್ಲ ಪುಂಡರಾಗುವುದಿಲ್ಲ. ಕಲಿಕೆಯ ಸುತ್ತ ಯಾರಿದ್ದಾರೆ, ಏನು ಮಾತಾಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಅದಕ್ಕಾಗಿಯೇ ತಂದೆತಾಯಿಗಳ ಹಾಗೂ ಮಾಸ್ತರರ ಮುಂದೆ ನಮ್ಮದೊಂದು ಸಲಹೆ. ಎಷ್ಟು ಹೊತ್ತು ಆಡಬೇಕೆಂಬ ಮಿತಿಯನ್ನು ಖಂಡಿತ ಹಾಕಿ. ಆದರೆ ಮಿತಿ ಹಾಕಿದ ಮೇಲೆ ಒಂದು ದಿನ ಹುಡುಗನ ಪಕ್ಕ ಕೂತು, “ಯಾತಕ್ಕೆ ಸೋತೆ ಮಗಾ?” ಎಂದು ಕೇಳಿ. ಅವನು “ಎದುರಿನವನು ಮೋಸಗಾರ” ಎಂದರೆ ಇನ್ನೂ ಏನೂ ಕಲಿತಿಲ್ಲವೆಂದು ತಿಳಿಯಿರಿ. “ಅವಸರ ಮಾಡಿ ಹಾರಿಬಿಟ್ಟೆ” ಎಂದರೆ, ಅವನ ತಾಲೀಮು ಶುರುವಾಗಿದೆ. ಮುಂದಿನದಕ್ಕೆ ಅವನಿಗೊಬ್ಬ ಉಸ್ತಾದ್ ಬೇಕು, ನಾಲ್ಕು ಜನ ಗೆಳೆಯರು ಬೇಕು. ಅದನ್ನು ಒದಗಿಸುವ ಕೆಲಸ ಯಾವ ಕಂಪನಿಯದೂ ಅಲ್ಲ, ನಮ್ಮದು.