ಒತ್ತಕ್ಷರ ಮತ್ತು ಪುಟವಿನ್ಯಾಸದ ಅಳತೆ

ಹೈದರಾಬಾದಿನ ಕೋಠಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ಮತ್ತು ತೆಲುಗು ಗ್ರಂಥಗಳನ್ನು ಅಕ್ಕಪಕ್ಕ ತೆರೆದಿಟ್ಟರೆ ಒಂದು ಭೇದ ಎದ್ದುಕಾಣುತ್ತದೆ. ಇಂಗ್ಲಿಷ್ ಸಾಲುಗಳು ದಟ್ಟ. ತೆಲುಗು ಸಾಲುಗಳ ನಡುವೆ ಬಿಡುವು ಹೆಚ್ಚು. ಸೋದರಲಿಪಿಯಾದ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ. ಇದನ್ನು ವಿನ್ಯಾಸದ ಶೈಥಿಲ್ಯವೆಂದು ಬಗೆಯುವ ದೃಷ್ಟಿ ಪುನರ್ವಿಚಾರಕ್ಕೆ ಅರ್ಹವಾಗಿದೆ.

ಯಾನ್ ಚಿಶೋಲ್ಡ್ 1928ರ ತನ್ನ ಜರ್ಮನ್ ಗ್ರಂಥದಲ್ಲಿ ಅಲಂಕಾರವನ್ನೂ ಮಧ್ಯಾಕ್ಷದ ಸಮಮಿತಿಯನ್ನೂ ನಿರಾಕರಿಸಿ, ಪುಟದ ರೂಪವು ಪಠ್ಯದ ಕಾರ್ಯದಿಂದಲೇ ಹುಟ್ಟಬೇಕೆಂದು ವಾದಿಸಿದನು. ಈ ತತ್ತ್ವ ಸಾರ್ವತ್ರಿಕವಾದುದು. ಆದರೆ ಅದನ್ನು ಅನುಸರಿಸಿ ಬೆಳೆದ ಸ್ವಿಸ್ ಪಂಥದ ಅಳತೆಗಳು ರೋಮನ್ ಲಿಪಿಯವು. ಬಾಸೆಲ್ ಸಮೀಪದ ಹಾಸ್ ಕಾರ್ಖಾನೆ 1957ರಲ್ಲಿ ಹೊರತಂದು, 1960ರಲ್ಲಿ ಹೆಲ್ವೆಟಿಕಾ ಎಂದು ಹೆಸರಾದ ಅಕ್ಷರಶ್ರೇಣಿಯ ಬಿಗಿಜೋಡಣೆಗೆ ಆ ಲಿಪಿಯ ಗಿಡ್ಡ ಬಾಲಗಳೇ ಆಧಾರ.

ಕನ್ನಡದ ಸ್ಥಿತಿ ಬೇರೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತುಗಳು ಅಡಿಗೆರೆಯ ಕೆಳಗಿಳಿಯುತ್ತವೆ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ತೆರೆದ ಮುದ್ರಣಾಲಯವು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿತು. ಅಲ್ಲಿ ಕೈಬರಹದ ಒತ್ತಿಗೆ ಬೇಕಾದಷ್ಟು ಎಡೆಯಿತ್ತು. ಮೊಳೆಯಚ್ಚಿನಲ್ಲಿ ಅದು ಲೋಹದ ಗಾತ್ರಕ್ಕೆ ಒಳಪಟ್ಟಿತು. ಇಂದು ರೋಮನ್ ಅಳತೆಯ ಪರದೆಗಳಲ್ಲಿ ಒಮ್ಮೊಮ್ಮೆ ಕತ್ತರಿಸಿಯೇ ಹೋಗುತ್ತದೆ. ಒತ್ತು ಅಳಿದರೆ ‘ಕತ್ತೆ’ ‘ಕತೆ’ಯಾಗುತ್ತದೆ. ಇಲ್ಲಿ ನಷ್ಟವಾಗುವುದು ಸೊಗಸಲ್ಲ, ಅರ್ಥ.

ಆದುದರಿಂದ ಕನ್ನಡ ಪುಟದ ಬಿಡುವು ಆಧುನಿಕತೆಯ ಕೊರತೆಯಲ್ಲ. ಒತ್ತಿನ ಆಳವನ್ನು ಮೊದಲು ಅಳೆದು, ಅದರಿಂದ ಸಾಲಂತರವನ್ನೂ, ಸಾಲಂತರದಿಂದ ಪುಟದ ಚೌಕಟ್ಟನ್ನೂ ನಿರ್ಧರಿಸುವುದೇ ಚಿಶೋಲ್ಡನ ತತ್ತ್ವಕ್ಕೆ ನಿಷ್ಠವಾದ ಕ್ರಮವೆನ್ನಬೇಕು.