ಮಣ್ಣಿನ ಗೋಡೆ, ಕಾಂಕ್ರೀಟಿನ ಲೆಕ್ಕ

ಗಿಲಾವು ಮಾಡದ ಕೆಂಪು ಮಣ್ಣಿನ ಬ್ಲಾಕಿನ ಗೋಡೆ, ಮುಂದೊಂದು ಜಗಲಿ, ಮೇಲೆ ಮಂಗಳೂರು ಹೆಂಚು, ಎಲ್ಲಿಂದಲೋ ತಂದು ನಿಲ್ಲಿಸಿದ ಹಳೇ ಮರದ ಕಂಬ. ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಇಂಥ ಮನೆಗಳು ಈಗ ಅಪರೂಪವೇನಲ್ಲ. ನೋಡಿದವರು ‘ಪರಿಸರಸ್ನೇಹಿ’ ಎಂದು ಗೇಟಿನ ಬಳಿಯೇ ತೀರ್ಪು ಕೊಟ್ಟುಬಿಡುತ್ತಾರೆ. ಈ ಪದ್ಧತಿಯ ಬಗ್ಗೆ ನನಗೂ ಅಭಿಮಾನವಿದೆ. ಅದಕ್ಕೇ ಈ ಅವಸರದ ತೀರ್ಪಿನ ಬಗ್ಗೆ ತಕರಾರು.

ಈ ಬ್ಲಾಕಿನ ಬೇರು ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ್ದು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಒತ್ತಿ, ಸುಡದೆಯೇ ಬ್ಲಾಕು ಮಾಡುವ ವಿಧಾನವನ್ನು ಪಳಗಿಸಿದರು. ಹಳ್ಳಿಗೆಂದು ಹುಟ್ಟಿದ್ದು ನಗರದ ಅನುಕೂಲಸ್ಥರ ಬಿಡಿಮನೆಗಳಲ್ಲಿ ನೆಲೆಗೊಂಡಿತು. ಇರಲಿ, ಒಳ್ಳೆಯ ವಿದ್ಯೆ ಎಲ್ಲಾದರೂ ಉಳಿಯಲಿ.

ಬ್ಲಾಕು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಪಾಯ ತೆಗೆದ ಮಣ್ಣನ್ನು ಜರಡಿ ಹಿಡಿಯುತ್ತಾರೆ. ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕು. ಎರೆಮಣ್ಣಾದರೆ ಆಸೆ ಬಿಡಬೇಕು. ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ಹದ ಮಾಡುತ್ತಾರೆ. ಅಳೆದು ಅಚ್ಚಿಗೆ ತುಂಬಿ, ಮುಚ್ಚಳ ಹಾಕಿ, ಉದ್ದನೆಯ ಹಿಡಿಯನ್ನು ಮೈಭಾರ ಬಿಟ್ಟು ಎಳೆಯುತ್ತಾರೆ. ಆಮೇಲೆ ಸುಮಾರು ಮೂರು ವಾರ ಒದ್ದೆಯಾರದಂತೆ ಕಾಯಬೇಕು. ಇಲ್ಲಿ ಸೋಮಾರಿತನ ಮಾಡಿದ ಬ್ಲಾಕಿನ ಬಣ್ಣ ಬಯಲಾಗುವುದು ಮಳೆಗಾಲದಲ್ಲಿ, ಕಿಟಕಿಯ ಕೆಳಗೆ, ನೀರು ಸದಾ ಇಳಿಯುವ ಜಾಗದಲ್ಲಿ. ಅಲ್ಲಿ ಅಂಚು ಉದುರಲು ಶುರುವಾಗುತ್ತದೆ.

ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಅವರ ‘ಬಯೋಮ್’ ಸಂಸ್ಥೆ ಈ ವಿದ್ಯೆಯನ್ನು ಗೋಡೆಗೆ ನಿಲ್ಲಿಸಲಿಲ್ಲ. ನೆಲಮಾಳಿಗೆಗೆಂದು ಅಗೆದ ಮಣ್ಣೇ ಮೇಲಿನ ಗೋಡೆಯಾದರೆ ಮಣ್ಣು ಸಾಗಿಸುವ ಲಾರಿಯೂ ಬೇಡ, ಇಟ್ಟಿಗೆ ತರುವ ಲಾರಿಯೂ ಬೇಡ. ತಾರಸಿಯ ಮಳೆನೀರಿಗೆ ಮನೆಯಲ್ಲೇ ಜಾಗ. ಮಣ್ಣು, ನೀರು, ಬೆಳಕುಗಳನ್ನು ಒಂದೇ ನಕ್ಷೆಯಲ್ಲಿ ಯೋಚಿಸುವ ಈ ಬಗೆಯೇ ನನ್ನ ಕಣ್ಣಿಗೆ ಅವರ ದೊಡ್ಡ ಕೊಡುಗೆ. ಅನುಕರಿಸುವವರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಬಣ್ಣ ಮಾತ್ರ.

ಇಲ್ಲೊಂದು ಲೆಕ್ಕ ನೋಡಬೇಕು. ಅದೇ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರ್‌ಸಿಸಿ ಚೌಕಟ್ಟಿನ ಬಹುಮಹಡಿ ಕಟ್ಟಡದ ಸಾಮಗ್ರಿಗಳು ನುಂಗುವ ಶಕ್ತಿ ಚದರ ಮೀಟರಿಗೆ 4.21 ಗಿಗಾಜೂಲ್. ಸುಟ್ಟ ಇಟ್ಟಿಗೆಯ ಗೋಡೆಯೇ ಭಾರ ಹೊರುವ ಕಟ್ಟಡಕ್ಕೆ 2.92. ಮಣ್ಣಿನ ಬ್ಲಾಕಿನ ಗೋಡೆಯೇ ಭಾರ ಹೊತ್ತರೆ 1.61. ಉಳಿತಾಯದ ಸುಮಾರು ಅರ್ಧ ಬರುವುದು ಚೌಕಟ್ಟನ್ನು ಕೈಬಿಟ್ಟಿದ್ದರಿಂದ. ಇಟ್ಟಿಗೆಯ ಬದಲು ಮಣ್ಣು ಬಂದದ್ದರ ಪಾಲು ಉಳಿದರ್ಧ. ಇಂದು 30×40 ಸೈಟಿನಲ್ಲಿ ಆಗುತ್ತಿರುವುದೇನು? ಕೆಳಗೆ ಕಾರು ನಿಲ್ಲಬೇಕು, ಮೇಲೆ ಬಾಡಿಗೆಗೆ ಎರಡು ಮಹಡಿ ಏಳಬೇಕು. ಹಾಗಾಗಿ ಮೊದಲು ಪಿಲ್ಲರು, ಬೀಮು, ಸ್ಲ್ಯಾಬು. ಆಮೇಲೆ ನಡುವಿನ ಖಾಲಿ ಜಾಗಕ್ಕೆ ಮಣ್ಣಿನ ಬ್ಲಾಕು. ಭಾರ ಹೊರಬಲ್ಲ ಗೋಡೆ ಅಲ್ಲಿ ತನ್ನ ಮೈಯನ್ನಷ್ಟೇ ಹೊತ್ತು ನಿಂತಿರುತ್ತದೆ. ಅದಕ್ಕೂ ‘ಮಣ್ಣಿನ ಮನೆ’ ಎಂಬ ಹೆಸರು!

ದೋಷವನ್ನೆಲ್ಲ ಮನೆ ಕಟ್ಟಿಸುವವರ ತಲೆಗೆ ಕಟ್ಟಲಾಗದು. ವಾಸ್ತುಶಿಲ್ಪಿಯ ಸಂಬಳದ ಲೆಕ್ಕವೂ ಇದರಲ್ಲಿದೆ. ನಮ್ಮಲ್ಲಿ ಅವರ ಫೀ ಸಾಮಾನ್ಯವಾಗಿ ಕಟ್ಟಡದ ವೆಚ್ಚದ ಮೇಲೆ ಶೇಕಡಾವಾರು. ಫಿಲ್ಲರ್ ಸ್ಲ್ಯಾಬನ್ನೇ ತೆಗೆದುಕೊಳ್ಳಿ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಹೆಚ್ಚೇನೂ ಭಾರ ಹೊರುವುದಿಲ್ಲ. ಅಲ್ಲಿ ಹೆಂಚು ಜೋಡಿಸಿದರೆ ಕಾಂಕ್ರೀಟು ಉಳಿಯುತ್ತದೆ. ಆದರೆ ಕಂಬಿಗಳ ನಡುವೆ ಹೆಂಚು ಸರಿಯಾಗಿ ಕೂರಬೇಕು, ವೈರಿಂಗ್ ಪೈಪು ಎಲ್ಲಿ ಹಾಯಬೇಕೆಂದು ಮೊದಲೇ ತೀರ್ಮಾನವಾಗಬೇಕು, ಕಾಂಕ್ರೀಟು ಸುರಿಯುವ ದಿನ ಯಾರಾದರೂ ಸೈಟಿನಲ್ಲಿ ನಿಂತಿರಬೇಕು. ಕೆಲಸ ದುಪ್ಪಟ್ಟು, ಕಟ್ಟಡದ ವೆಚ್ಚ ಕಡಿಮೆ, ಅದರ ಬೆನ್ನಿಗೇ ಫೀಯೂ ಕಡಿಮೆ. ಇಟಾಲಿಯನ್ ಮಾರ್ಬಲ್ ಹಾಕಿಸಿದ ವಾಸ್ತುಶಿಲ್ಪಿಗೆ ಈ ತಾಪತ್ರಯವಿಲ್ಲ. ಮಣ್ಣಿನ ಕೆಲಸಕ್ಕೆ ನಿಂತ ಸಣ್ಣ ಕಚೇರಿಗಳು ನಡೆಯುವುದು ಬಹುಪಾಲು ಅಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಕಿರಿಯರ ಉತ್ಸಾಹದ ಮೇಲೆ. ಆ ಉತ್ಸಾಹ ಮದುವೆ, ಮಕ್ಕಳು, ಬಾಡಿಗೆ ಎನ್ನುವ ಹೊತ್ತಿಗೆ ಐಟಿ ಪಾರ್ಕಿನ ಗಾಜಿನ ಗೋಡೆಗಳ ಡ್ರಾಯಿಂಗಿಗೆ ಹೋಗಿ ಸೇರಿದರೆ ಯಾರನ್ನು ದೂರುವುದು?

ಮೇಸ್ತ್ರಿಯ ಪಾಡೂ ಇದೇ. ಗಿಲಾವು ಇದ್ದರೆ ಅಂಕುಡೊಂಕು ಮುಚ್ಚಿಹೋಗುತ್ತದೆ. ಇಲ್ಲಿ ಪ್ರತಿ ವರಸೆಯೂ ಮನೆಯವರ ಕಣ್ಣೆದುರೇ ಇರುತ್ತದೆ. ನಿಧಾನವಾಗಿ ಕಟ್ಟದೆ ವಿಧಿಯಿಲ್ಲ. ಅಡಿ ಲೆಕ್ಕದ ಗುತ್ತಿಗೆಗೆ ಒಪ್ಪಿಕೊಂಡ ಮೇಸ್ತ್ರಿಗೆ ನಿಧಾನವೆಂದರೆ ನೇರ ನಷ್ಟ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಸೈಟಿನಲ್ಲೇ ನಿಂತು, ಗಾರೆಯವರೊಂದಿಗೆ ಮಾತಾಡುತ್ತಾ ವಿನ್ಯಾಸ ತಿದ್ದುತ್ತಿದ್ದರು. ಅವರನ್ನು ಗುರುವೆನ್ನುವವರು ಇಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ಸೈಟಿನಲ್ಲಿ ಕಳೆದ ಹೊತ್ತಿಗೆ ಬಿಲ್ಲು ಮಾಡುವ ಧೈರ್ಯವಾಗಲಿ, ಬಂದ ಬಿಲ್ಲನ್ನು ಗೊಣಗದೆ ಕೊಡುವ ಮನಸ್ಸಾಗಲಿ ಕಾಣುವುದಿಲ್ಲ. ಫೀಯನ್ನು ವೆಚ್ಚದಿಂದ ಬಿಡಿಸಿ ಚದರಡಿಗೋ ಕೆಲಸದ ಹಂತಕ್ಕೋ ಕಟ್ಟಬೇಕು, ಸೈಟಿನ ಉಸ್ತುವಾರಿಗೆ ಬೇರೆ ಕೊಡಬೇಕು, ಮೇಸ್ತ್ರಿಗೆ ಬ್ಲಾಕಿನ ಕೆಲಸಕ್ಕೆ ದಿನಗೂಲಿ ಇಡಬೇಕು. ಇಷ್ಟನ್ನು ಕರಾರುಪತ್ರದಲ್ಲಿ ಬರೆಯಲು ಒಪ್ಪದವರು ಬ್ಲಾಕಿನ ಗೋಡೆಯ ಆಸೆ ಬಿಟ್ಟು, ಅದರಂತೆಯೇ ಕಾಣುವ ಟೈಲ್ಸ್ ಅಂಟಿಸಿಕೊಳ್ಳಬಹುದು. ಅಂಗಡಿಗಳಲ್ಲಿ ಅದೂ ಸಿಗುತ್ತದೆ.